ಉಚ್ಚಾರಣೆಯ ತಕ್ಕಡಿ

ಅದು ಒಂದೇ ಅಂಕದ ಪ್ರಶ್ನೆ. ಶರತ್ಕಾಲದಲ್ಲಿ ಮರಗಳಿಗೆ ಏನಾಗುತ್ತದೆ? ಪಠ್ಯಪುಸ್ತಕ ಬ್ರಿಟನ್ನಿನಲ್ಲಿ ತಯಾರಾದದ್ದು. ಕಂದು ಬಣ್ಣಕ್ಕೆ ತಿರುಗಿದ ಎಲೆಗಳು ಉದುರುತ್ತಿರುವ ಚಿತ್ರ ಅದರಲ್ಲಿತ್ತು. ಆದ್ದರಿಂದ ಎಲೆ ಉದುರುತ್ತದೆ ಎಂಬುದೇ ಉತ್ತರವಾಗಬೇಕಿತ್ತು. ಒಬ್ಬ ವಿದ್ಯಾರ್ಥಿ ಮಾತ್ರ ಮರಗಳೆಲ್ಲ ಹಸಿರಾಗುತ್ತವೆ, ಬೆಟ್ಟದಲ್ಲಿ ಹುಲ್ಲು ಚಿಗುರುತ್ತದೆ, ಒಂಟೆಗಳನ್ನು ಬೆಟ್ಟದಿಂದ ಕೆಳಗಿಳಿಸುತ್ತಾರೆ ಎಂದು ಮೂರು ವಾಕ್ಯ ಬರೆದಿದ್ದ. ಮೂರೂ ವ್ಯಾಕರಣಬದ್ಧ ವಾಕ್ಯಗಳು. ನಾವು ಕೆಂಪು ಶಾಯಿಯಲ್ಲಿ ತಪ್ಪು ಎಂದು ಗುರುತು ಹಾಕಿದೆವು.

ಊರು ಸಲಾಲ. ಒಮಾನ್ ದೇಶದ ದಕ್ಷಿಣ ತುದಿಯ ಧೋಫಾರ್ ಪ್ರಾಂತದ ಮುಖ್ಯ ಪಟ್ಟಣ, ಮಸ್ಕತ್‌ನಿಂದ ಸುಮಾರು 1000 ಕಿಲೋಮೀಟರ್ ದೂರ. ಗಲ್ಫ್ ಎಂದರೆ ಮರಳು ಮತ್ತು ಸೆಕೆ ಎಂದು ತಿಳಿದು ಹೋದವರಿಗೆ ಈ ಊರು ಒಂದು ಅಚ್ಚರಿ. ರಸ್ತೆ ಬದಿಯಲ್ಲಿ ಎಳನೀರು ಮತ್ತು ಬಾಳೆಗೊನೆಯ ಅಂಗಡಿಗಳು, ತೆಂಗಿನ ತೋಟಗಳು. ಜೂನ್ ಕೊನೆಯಿಂದ ಸೆಪ್ಟೆಂಬರ್ ತನಕ ನಮ್ಮ ಕರಾವಳಿಗೆ ಮಳೆ ತರುವ ಅದೇ ನೈಋತ್ಯ ಮಾರುತ ಅಲ್ಲಿನ ಬೆಟ್ಟಗಳಿಗೂ ಮಂಜು, ತುಂತುರು ತರುತ್ತದೆ. ಅರೇಬಿಯಾದ ಉಳಿದ ಭಾಗ ಬೇಯುತ್ತಿರುವಾಗ ಅದೊಂದು ಮೂಲೆ ಹಸಿರಾಗುತ್ತದೆ. ಈ ಕಾಲವನ್ನು ಅಲ್ಲಿ ಖರೀಫ್ ಎನ್ನುತ್ತಾರೆ. ಅರಬಿಯಲ್ಲಿ ಖರೀಫ್ ಎಂದರೆ ಶರತ್ಕಾಲ. ನಮ್ಮ ಕೃಷಿ ಇಲಾಖೆಯ ಭಾಷೆಯಲ್ಲಿ ಮುಂಗಾರು ಬೆಳೆಗೆ ಖಾರಿಫ್ ಎನ್ನುವುದು ಇದೇ ಶಬ್ದದಿಂದ. ಅಂದರೆ ಆ ಹುಡುಗ ಹೇಳಿದ್ದು ನಮಗೆ ಅರ್ಥವಾಗದ ಸಂಗತಿಯೇನಲ್ಲ. ಅರ್ಥವಾಗಿಯೂ ನಾವು ತಪ್ಪು ಎಂದೆವು.

ಆ ಉತ್ತರ ಪತ್ರಿಕೆ ಎರಡನೇ ಪರಿಶೀಲನೆಗೆ ಬ್ರಿಟಿಷ್ ಸಹೋದ್ಯೋಗಿಯೊಬ್ಬರ ಬಳಿ ಹೋಯಿತು. ಅವರು ಓದಿ ನಕ್ಕು, 'ಸಲಾಲಕ್ಕೆ ಇವನು ಹೇಳಿದ್ದೇ ಸರಿ' ಎಂದು ಅಂಕ ಕೊಟ್ಟುಬಿಟ್ಟರು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ನಾಚಿಕೆಯಾಯಿತು. ಮುಂಗಾರು ನೋಡಿ ಬೆಳೆದವರು ನಾವು. ಎಲೆ ಉದುರುವ ಶರತ್ಕಾಲವನ್ನು ಚಿತ್ರದಲ್ಲಿ ಮಾತ್ರ ಕಂಡವರು. ಎಲೆ ಉದುರುವುದನ್ನು ನಿಜವಾಗಿ ಕಂಡ ಮನುಷ್ಯ ಹುಡುಗನ ಪಕ್ಷ ವಹಿಸಿದರು, ನಾವು ಪುಸ್ತಕದ ಪಕ್ಷ ವಹಿಸಿದೆವು. ಇದು ಹೇಗಾಯಿತು ಎಂಬ ಪ್ರಶ್ನೆ ನಮ್ಮನ್ನು ಬಹಳ ದಿನ ಕಾಡಿತು.

ಕರಾವಳಿಯ ನಾವು ನಾಲ್ವರು 2010ರಲ್ಲಿ ಅಲ್ಲಿಗೆ ಹೋಗಿ ಒಂದೇ ಫ್ಲಾಟ್‌ನಲ್ಲಿ ಇದ್ದೆವು. ಒಮಾನಿನಲ್ಲಿ 1970ರಲ್ಲಿ ಆಧುನಿಕ ಮಾದರಿಯ ಶಾಲೆಗಳಿದ್ದದ್ದು ಮೂರು, ಅವೂ ಹುಡುಗರಿಗೆ ಮಾತ್ರ. ಆಮೇಲಿನ ನಾಲ್ಕು ದಶಕಗಳಲ್ಲಿ ಆ ದೇಶ ಶಿಕ್ಷಣದಲ್ಲಿ ಇಟ್ಟ ಹೆಜ್ಜೆ ಸಣ್ಣದಲ್ಲ. ಈಜಿಪ್ಟ್, ಸುಡಾನ್, ಜೋರ್ಡಾನ್, ಭಾರತಗಳಿಂದ ಹೋದ ಸಾವಿರಾರು ಅಧ್ಯಾಪಕರ ಪಾಲೂ ಅದರಲ್ಲಿದೆ. 1998ರಿಂದ ಜಾರಿಗೆ ಬಂದ ಮೂಲಶಿಕ್ಷಣ ವ್ಯವಸ್ಥೆಯಲ್ಲಿ ಇಂಗ್ಲಿಷ್ ಒಂದನೇ ತರಗತಿಯಿಂದಲೇ ಇದೆ. ಆದರೂ ಕಾಲೇಜು ಸೇರುವ ಬಹಳಷ್ಟು ಮಕ್ಕಳು ಮೊದಲು ಅಡಿಪಾಯದ ತರಗತಿಯಲ್ಲಿ ಇಂಗ್ಲಿಷ್ ಕಲಿತೇ ಮುಂದೆ ಹೋಗಬೇಕು. ನಮ್ಮ ಕೆಲಸ ಅಲ್ಲಿ.

ಮೊದಲ ವಾರಗಳಲ್ಲಿ ಎಲ್ಲವೂ ಹೊಸತು. ತಡವಾಗಿ ಬಂದ ವಿದ್ಯಾರ್ಥಿ ಬಾಗಿಲಲ್ಲಿ ತಲೆ ತಗ್ಗಿಸಿ ನಿಲ್ಲುವುದಿಲ್ಲ. ಗಟ್ಟಿಯಾಗಿ ಸಲಾಂ ಹೇಳುತ್ತಾನೆ, ಇಡೀ ತರಗತಿ ಉತ್ತರಿಸುತ್ತದೆ, ಪಾಠ ಅಲ್ಲಿಗೆ ನಿಲ್ಲುತ್ತದೆ. ಹತ್ತು ಮಂದಿ ತಡವಾದರೆ ಹತ್ತು ಸಲಾಂ. ಮನೆಗೆಲಸ ನಾಳೆ ತರುತ್ತೀರಾ ಎಂದರೆ ಇನ್‌ಶಾ ಅಲ್ಲಾಹ್. ಆ ಪವಿತ್ರ ಶಬ್ದ ಯಾವಾಗ ಸಂಕಲ್ಪ, ಯಾವಾಗ ನೆಪ ಎಂದು ಗುರುತಿಸಲು ನಮಗೆ ಒಂದು ಸೆಮಿಸ್ಟರ್ ಬೇಕಾಯಿತು. ಊರಲ್ಲಿ ನಾವೂ ಅದನ್ನು ಎರಡೂ ಅರ್ಥದಲ್ಲಿ ಬಳಸುತ್ತೇವೆ ಎಂಬುದು ಬೇರೆ ಮಾತು.

ಅರಬಿಯಲ್ಲಿ ಪಕಾರ ಇಲ್ಲ. ಆದ್ದರಿಂದ ಪಾರ್ಕಿಂಗ್ ಎನ್ನುವುದು ಬಾರ್ಕಿಂಗ್ ಆಗುತ್ತದೆ, ಪೆಪ್ಸಿ ಬೆಬ್ಸಿಯಾಗುತ್ತದೆ. ಕಾರನ್ನು ಬೊಗಳಿಸಬೇಡಿ ಎಂದು ನಾವು ತಮಾಷೆ ಮಾಡಿದ್ದುಂಟು. ಒಂದು ದಿನ ಹಿಂದಿನ ಬೆಂಚಿನಿಂದ ಒಬ್ಬ ವಿನಯದಿಂದಲೇ ಕೇಳಿದ, 'ಉಸ್ತಾದ್, ಥಿಂಕ್ ಎಂಬುದನ್ನು ನೀವು ಯಾಕೆ ಹಾಗೆ ಹೇಳುತ್ತೀರಿ?' ನಾವು ಹೇಳುತ್ತಿದ್ದುದು ಕನ್ನಡದ ಥಕಾರ. ಇಂಗ್ಲಿಷಿನಲ್ಲಿ ಅದು ನಾಲಿಗೆ ಹಲ್ಲುಗಳ ನಡುವೆ ಬಂದು ಗಾಳಿ ಜಾರಿಸುವ ಧ್ವನಿ. ಅರಬಿಯ ಸಾ ಎಂಬ ಅಕ್ಷರ ಅದೇ ಧ್ವನಿ. ಮದ್ರಸದಲ್ಲಿ ಚಿಕ್ಕಂದಿನಲ್ಲಿ ಉಸ್ತಾದರು ಬೆತ್ತ ಹಿಡಿದು ನಮ್ಮ ನಾಲಿಗೆ ತಿದ್ದಿದ್ದೂ ಇದೇ ಅಕ್ಷರಕ್ಕೆ. ಓತುವಾಗ ಸರಿಯಾಗಿ ಹೇಳುವ ಧ್ವನಿಯನ್ನು ಇಂಗ್ಲಿಷಿನಲ್ಲಿ ನಾವು ತಪ್ಪಾಗಿ ಹೇಳುತ್ತಿದ್ದೆವು. ಆ ಹುಡುಗರಿಗೆ ಅದು ಹುಟ್ಟಿನಿಂದಲೇ ಬಂದಿತ್ತು. ಅಂದಿನಿಂದ ಬೊಗಳುವ ಕಾರಿನ ತಮಾಷೆ ನಿಂತಿತು.

ಸಂಬಳದ ವಿಷಯ ಗೊತ್ತಾದದ್ದು ಆರು ತಿಂಗಳ ಬಳಿಕ. ನಮ್ಮನ್ನು ಕಳುಹಿಸಿದ ಏಜೆನ್ಸಿ ಪಾಸ್‌ಪೋರ್ಟ್ ನೋಡಿ ಸಂಬಳ ನಿಗದಿ ಮಾಡುತ್ತಿತ್ತು. ಅದೇ ಪಾಠ, ಅಷ್ಟೇ ತಾಸುಗಳು. ನಮ್ಮಲ್ಲಿ ಕೆಲವರಿಗೆ ಅವರಿಗಿಂತ ಹೆಚ್ಚಿನ ಪದವಿ. ಆದರೂ ಇಂಗ್ಲಿಷ್ ಮಾತೃಭಾಷೆಯ ದೇಶದಿಂದ ಬಂದವರಿಗೆ ಹೆಚ್ಚುಕಡಿಮೆ ದುಪ್ಪಟ್ಟು. ರಾತ್ರಿ ಫ್ಲಾಟ್‌ನಲ್ಲಿ ಊಟದ ಹೊತ್ತಿಗೆ ಇದೇ ಚರ್ಚೆ. ಕುಸಲಕ್ಕಿ ಗಂಜಿಗಿಂತ ಅಸಮಾಧಾನವೇ ಹೆಚ್ಚು ಬೆಂದಿರುತ್ತಿತ್ತು.

ಇದು ಒಂದು ಏಜೆನ್ಸಿಯ ಕಿತಾಪತಿ ಮಾತ್ರವಲ್ಲ. 1961ರಲ್ಲಿ ಉಗಾಂಡದ ಮಕೆರೆರೆಯಲ್ಲಿ ಇಂಗ್ಲಿಷ್ ಬೋಧನೆಯ ಕುರಿತು ಕಾಮನ್‌ವೆಲ್ತ್ ಸಮ್ಮೇಳನವೊಂದು ನಡೆಯಿತು. ಆದರ್ಶ ಇಂಗ್ಲಿಷ್ ಅಧ್ಯಾಪಕ ಎಂದರೆ ಇಂಗ್ಲಿಷ್ ಮಾತೃಭಾಷಿಕನೇ ಎಂಬ ನಂಬಿಕೆ ಬೇರೂರಿದ್ದು ಅಂಥ ವೇದಿಕೆಗಳಲ್ಲಿ. 1992ರಲ್ಲಿ ರಾಬರ್ಟ್ ಫಿಲಿಪ್ಸನ್ ಎಂಬ ಬ್ರಿಟಿಷ್ ಮೂಲದ ವಿದ್ವಾಂಸರು ತಮ್ಮ ಪುಸ್ತಕದಲ್ಲಿ ಇದನ್ನು ಶುದ್ಧ ಭ್ರಮೆ ಎಂದು ಕರೆದರು. ಇಂಗ್ಲಿಷ್ ಅಧ್ಯಾಪಕರ ಅಂತಾರಾಷ್ಟ್ರೀಯ ಸಂಸ್ಥೆಯಾದ ಟೆಸೋಲ್ ಈ ತಾರತಮ್ಯವನ್ನು ವಿರೋಧಿಸಿ 2006ರಲ್ಲಿ ಹೇಳಿಕೆ ಹೊರಡಿಸಿತು. ಆದರೆ ಹೇಳಿಕೆಗಳು ಜಾಹೀರಾತುಗಳನ್ನು ಬದಲಿಸಲಿಲ್ಲ. ದಕ್ಷಿಣ ಕೊರಿಯದಲ್ಲಿ ಇದು ವೀಸಾ ನಿಯಮದಲ್ಲೇ ಇದೆ. ಅಲ್ಲಿ ಇಂಗ್ಲಿಷ್ ಬೋಧಕರ ವೀಸಾ ಮುಖ್ಯವಾಗಿ ಏಳು ದೇಶಗಳ ನಾಗರಿಕರಿಗೆ ಮೀಸಲು. 2010ರಲ್ಲಿ ಜಾರಿಗೆ ಬಂದ ಭಾರತ-ಕೊರಿಯ ಒಪ್ಪಂದದ ಬಳಿಕ ಭಾರತೀಯರಿಗೂ ಸಹಾಯಕ ಬೋಧಕರಾಗಿ ಸಣ್ಣದೊಂದು ಬಾಗಿಲು ತೆರೆಯಿತು. ಆದರೆ ಅವರಲ್ಲಿ ಅಧ್ಯಾಪಕ ತರಬೇತಿಯ ಪ್ರಮಾಣಪತ್ರ ಇರಲೇಬೇಕು.

ಇನ್ನೊಂದು ಪಕ್ಷವನ್ನೂ ಕೇಳಬೇಕು. ಮಗುವಿಗೆ ಒಳ್ಳೆಯ ಇಂಗ್ಲಿಷ್ ಸಿಗಬೇಕೆಂದು ಬಯಸುವ ತಂದೆತಾಯಿ ತಪ್ಪು ಮಾಡುತ್ತಿಲ್ಲ. ಭಾಷೆಯಲ್ಲಿ ಹುಟ್ಟಿ ಬೆಳೆದವನಿಗೆ ಅದರ ಸೂಕ್ಷ್ಮಗಳು ಲೆಕ್ಕಾಚಾರವಿಲ್ಲದೆ ಬರುತ್ತವೆ, ನಮಗೆ ಬರುವುದಿಲ್ಲ. ಇದನ್ನು ಒಪ್ಪಿಕೊಳ್ಳುವುದರಲ್ಲಿ ಅವಮಾನವಿಲ್ಲ. ಆದರೆ ಬಲ್ಲವನೆಲ್ಲ ಕಲಿಸಬಲ್ಲವನಲ್ಲ. ಕ್ರಿಯಾಪದದ ಕಾಲಗಳಲ್ಲಿ ಹುಡುಗ ಎಲ್ಲಿ ಎಡವುತ್ತಾನೆಂದು ನಮಗೆ ಗೊತ್ತು, ಏಕೆಂದರೆ ನಾವೂ ಅಲ್ಲೇ ಎಡವಿದವರು. ಸಂಬಳದಲ್ಲಿ ಈ ಅರಿವಿಗೆ ಬೆಲೆ ಇರಲಿಲ್ಲ ಎಂಬುದು ನಮ್ಮ ದೂರು. ದೂರು ನ್ಯಾಯವಾದದ್ದೇ ಎಂದು ಇಂದಿಗೂ ನಂಬಿದ್ದೇವೆ.

ಆದರೂ ವಿದೇಶಿಯೆಂಬ ಕಾರಣಕ್ಕೆ ಮಣೆ ಹಾಕುವ ರೂಢಿ ಬಿಳಿಯರಿಂದಲೇ ಶುರುವಾದದ್ದಲ್ಲ. ಸಲಾಲದಲ್ಲಿ ಕೂತು ಇಬ್ನ್ ಬತೂತಾನ ಪ್ರವಾಸ ಕಥನ ಓದಿದಾಗ ಇದು ಹೊಳೆಯಿತು. 14ನೇ ಶತಮಾನದ ಆ ಮೊರೊಕ್ಕೊದ ಪ್ರವಾಸಿ ಧೋಫಾರಿನ ತೆಂಗು ಮತ್ತು ವೀಳ್ಯದೆಲೆಯನ್ನು ಕಂಡು ಬರೆದಿದ್ದಾನೆ. ನಮ್ಮ ಹೊನ್ನಾವರ, ಬಾರ್ಕೂರು, ಮಂಗಳೂರುಗಳಿಗೂ ಬಂದಿದ್ದಾನೆ. ಹೊನ್ನಾವರದಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆಗಳನ್ನು ಕಂಡೆ ಎಂದು ಲೆಕ್ಕ ಕೊಟ್ಟವನು ಅವನೇ. 1334ರಲ್ಲಿ ದಿಲ್ಲಿಗೆ ಬಂದ ಅವನನ್ನು ಮುಹಮ್ಮದ್ ಬಿನ್ ತುಘಲಕ್ ಕಾಝಿಯಾಗಿ ನೇಮಿಸಿದ. ನಾನು ಮಾಲಿಕಿ ಪಂಥದವನು, ಇಲ್ಲಿನವರು ಹನಫಿಗಳು, ನನಗೆ ಇಲ್ಲಿನ ಭಾಷೆಯೂ ಬಾರದು ಎಂದು ಅವನೇ ಹೇಳಿಕೊಂಡ. ಸುಲ್ತಾನ ಇಬ್ಬರು ಸಹಾಯಕರನ್ನು ಕೊಟ್ಟ. ಕೆಲಸ ಅವರದ್ದು, ಸಹಿ ಇವನದ್ದು. ವರ್ಷಕ್ಕೆ 12,000 ದೀನಾರ್ ಸಂಬಳ. ಆ ಇಬ್ಬರು ಸಹಾಯಕರು ರಾತ್ರಿ ಊಟದ ಹೊತ್ತಿಗೆ ಏನು ಮಾತಾಡಿಕೊಂಡಿರಬಹುದು ಎಂದು ನಾವು ನಾಲ್ವರೂ ಊಹಿಸಬಲ್ಲೆವು.

ಶರತ್ಕಾಲದ ಉತ್ತರ ಬರೆದ ಹುಡುಗ ಬೆಟ್ಟದವನು. ಮನೆಯಲ್ಲಿ ಅವನ ಮಾತು ಶಹ್ರಿ. ಜಿಬ್ಬಾಲಿ ಎಂದೂ ಕರೆಯುತ್ತಾರೆ. ಅದು ಅರಬಿಯ ಉಪಭಾಷೆಯಲ್ಲ, ದಕ್ಷಿಣ ಅರೇಬಿಯದ ಬೇರೆಯೇ ಒಂದು ಪುರಾತನ ಭಾಷಾ ಕುಟುಂಬಕ್ಕೆ ಸೇರಿದ್ದು. ಅರಬಿಯಲ್ಲಿಲ್ಲದ ಧ್ವನಿಗಳು ಅದರಲ್ಲಿವೆ. ನಿನ್ನ ಭಾಷೆಯಲ್ಲಿ ಮಳೆಗೆ ಏನೆನ್ನುತ್ತೀರಿ ಎಂದು ಕೇಳಿದಾಗ ಅವನು ಸಂಕೋಚದಿಂದ ಅದು ಭಾಷೆಯೇನಲ್ಲ, ಸುಮ್ಮನೆ ಮನೆಮಾತು, ಬರೆಯಲು ಬರುವುದಿಲ್ಲ ಎಂದ. ಈ ವಾಕ್ಯ ನಮಗೆ ಎಷ್ಟು ಪರಿಚಿತ! ಬ್ಯಾರಿ ಭಾಷೆಯ ಬಗ್ಗೆ ಶಾಲೆಯಲ್ಲಿ ಯಾರಾದರೂ ಕೇಳಿದರೆ ನಾವೂ ಹೀಗೇ ಹೇಳುತ್ತಿದ್ದೆವು. ಕರ್ನಾಟಕ ಬ್ಯಾರಿ ಸಾಹಿತ್ಯ ಅಕಾಡೆಮಿ ಬಂದದ್ದು 2007ರಲ್ಲಿ, ನಮ್ಮ ಶಾಲೆ ಮುಗಿದು ಎಷ್ಟೋ ವರ್ಷಗಳ ಮೇಲೆ. ಮನೆಯಲ್ಲಿ ಒಂದು, ಮದ್ರಸದಲ್ಲಿ ಒಂದು, ಶಾಲೆಯಲ್ಲಿ ಒಂದು, ಉದ್ಯೋಗಕ್ಕೆ ಇನ್ನೊಂದು ಎಂದು ಭಾಷೆಗಳ ಮೆಟ್ಟಿಲು ಹತ್ತಿ ಬಂದ ಹುಡುಗ ಅವನು. ನಮ್ಮ ಹಾಗೆಯೇ.

ಹಾಗಾದರೆ ಅವನಿಗೆ ಅಂಕ ಕೊಡಲು ನಮಗೇ ಯಾಕೆ ಕೈ ಬರಲಿಲ್ಲ? ಉತ್ತರ ಸರಳ, ಆದರೆ ಹಿತವಾದುದಲ್ಲ. ಬ್ರಿಟಿಷ್ ಸಹೋದ್ಯೋಗಿಯ ಇಂಗ್ಲಿಷನ್ನು ಯಾರೂ ಸಂಶಯಿಸುವುದಿಲ್ಲ, ಆದ್ದರಿಂದ ಅವರು ಪುಸ್ತಕವನ್ನು ಮೀರಬಲ್ಲರು. ನಮ್ಮ ಮೇಲೆ ಯಾವಾಗಲೂ ಒಂದು ಕಣ್ಣಿರುತ್ತದೆ ಎಂಬ ಅಳುಕಿನಲ್ಲಿ ನಾವು ಪುಸ್ತಕವನ್ನು ಬಿಗಿಯಾಗಿ ಹಿಡಿದುಕೊಂಡೆವು. ಬಾಗಿಲಲ್ಲಿ ತಡೆಯಲ್ಪಟ್ಟವನು ಒಳಗೆ ಬಂದ ಮೇಲೆ ಅತ್ಯಂತ ಕಟ್ಟುನಿಟ್ಟಿನ ದ್ವಾರಪಾಲಕನಾಗುವುದುಂಟು. ನಾವು ಆದದ್ದು ಅದೇ. ಅಳುಕು ಒಂದು ಕಾರಣವೇ ಹೊರತು ಕ್ಷಮೆಯಲ್ಲ. ಅಂಕ ಕಳೆದುಕೊಳ್ಳುವವನಿಗೆ ಅಧ್ಯಾಪಕನ ಮನಸ್ಸಿನ ಗಾಯದಿಂದ ಏನಾಗಬೇಕಿದೆ?

ಇಷ್ಟಕ್ಕೇ ಮುಗಿದಿದ್ದರೆ ಬರೆಯುವ ಅಗತ್ಯವಿರಲಿಲ್ಲ. 2012ರ ಬೇಸಿಗೆ ರಜೆಯಲ್ಲಿ ಊರಿಗೆ ಬಂದಿದ್ದೆವು. ಸಮುದಾಯದ ಟ್ರಸ್ಟೊಂದು ನಡೆಸುವ ಇಂಗ್ಲಿಷ್ ಮಾಧ್ಯಮ ಶಾಲೆಗೆ ಅಧ್ಯಾಪಕಿಯೊಬ್ಬರು ಬೇಕಿತ್ತು. ವಿದೇಶದಲ್ಲಿ ಇಂಗ್ಲಿಷ್ ಕಲಿಸುವವರು ಎಂಬ ಗೌರವದಿಂದ ನಮ್ಮನ್ನು ಸಂದರ್ಶನಕ್ಕೆ ಕೂರಿಸಿದರು. ಬಂದವರಲ್ಲಿ ಒಬ್ಬಳು ಹತ್ತಿರದ ಹಳ್ಳಿಯ ಹುಡುಗಿ. ತಂದೆ ಮೀನಿನ ಕೆಲಸದವರು. ಹತ್ತನೇ ತರಗತಿ ತನಕ ಕನ್ನಡ ಮಾಧ್ಯಮ, ಆಮೇಲೆ ಬಿ.ಎ., ಬಿ.ಎಡ್., ಎರಡರಲ್ಲೂ ಪ್ರಥಮ ದರ್ಜೆ. ಭೂತಕಾಲವನ್ನು ಮಕ್ಕಳಿಗೆ ಹೇಗೆ ಕಲಿಸುತ್ತೀಯಮ್ಮ ಎಂದು ಕೇಳಿದರೆ ಕಪ್ಪು ಹಲಗೆಯ ಬಳಿ ಹೋಗಿ ಹತ್ತೇ ನಿಮಿಷದಲ್ಲಿ ತೋರಿಸಿಕೊಟ್ಟಳು. ನಮ್ಮಲ್ಲಿ ಯಾರಿಗೂ ಅಷ್ಟು ಚೆನ್ನಾಗಿ ಬಾರದು. ಆದರೆ ಸ್ಕೂಲ್ ಎನ್ನುವುದು ಅವಳ ಬಾಯಲ್ಲಿ ಇಸ್ಕೂಲ್ ಆಗುತ್ತಿತ್ತು. ಇನ್ನೊಬ್ಬಾಕೆ ನಗರದ ಕಾನ್ವೆಂಟಿನಲ್ಲಿ ಓದಿದವರು, ಬಿ.ಎಡ್. ಇಲ್ಲ, ಮಾತು ಮಾತ್ರ ಅರಳು ಹುರಿದಂತೆ. ಪೋಷಕರು ಇಷ್ಟಪಡುವುದು ಇಂಥವರನ್ನೇ ಎಂದರು ಟ್ರಸ್ಟಿನವರು. ನಾವು ತಲೆಯಾಡಿಸಿದೆವು. ತಲೆಯಾಡಿಸಿದ್ದು ಮಾತ್ರವಲ್ಲ, ಉಚ್ಚಾರಣೆಗೆ ಇಪ್ಪತ್ತರಲ್ಲಿ ಎಂಟು ಎಂದು ಬರೆದವರೂ ನಾವೇ. ಆಯ್ಕೆಯಾದವರಿಗೆ ಹೆಚ್ಚಿನ ಸಂಬಳವೂ ಸಿಕ್ಕಿತು. ಅದೇ ಕಟ್ಟಡದ ಮೇಲಂತಸ್ತಿನಲ್ಲಿ ಮದ್ರಸ ನಡೆಸುವ ಉಸ್ತಾದರಿಗೆ ಸಂಬಳ ಏರಿಸುವ ವಿಷಯ ಅದೇ ದಿನದ ಸಭೆಯಲ್ಲಿತ್ತು. ಅವರಿಗೆ ಹೇಗೂ ಮನೆಮನೆಯಿಂದ ಸರದಿಯಲ್ಲಿ ಊಟ ಬರುತ್ತದಲ್ಲ ಎಂದು ಯಾರೋ ಹೇಳಿದರು. ಅದು ಮುಂದಿನ ಸಭೆಗೆ ಹೋಯಿತು.

ಸಲಾಲಕ್ಕೆ ಮರಳಿದ ಮೇಲೆ ಒಂದು ಇಶಾ ನಮಾಝಿನಲ್ಲಿ ಇಮಾಮರು ಓದಿದ್ದು ಕುರ್‌ಆನಿನ 83ನೇ ಅಧ್ಯಾಯ, ಅಲ್ ಮುತಫ್ಫಿಫೀನ್. ತಮಗೆ ಬರಬೇಕಾದದ್ದನ್ನು ಪೂರ್ತಿ ಅಳೆದು ಪಡೆದು, ಇತರರಿಗೆ ಕೊಡುವಾಗ ಕಡಿಮೆ ಅಳೆಯುವವರ ಕುರಿತು ಅದರ ಆರಂಭ. ನಮಗೆ ಅದು ಅಂಗಡಿಯವರ ಅಧ್ಯಾಯ ಎಂದೇ ಇಲ್ಲಿ ತನಕ ಅನ್ನಿಸಿತ್ತು. ಅಕ್ಕಿ, ಸಕ್ಕರೆ, ಚಿನ್ನ. ಆ ರಾತ್ರಿ ಫ್ಲಾಟ್‌ನಲ್ಲಿ ಸಂಬಳದ ಚರ್ಚೆ ಯಾರೂ ತೆಗೆಯಲಿಲ್ಲ. ನಮ್ಮನ್ನು ತೂಗಿದ ತಕ್ಕಡಿ ವಿಮಾನದಲ್ಲಿ ನಮ್ಮೊಂದಿಗೇ ಊರಿಗೆ ಬಂದಿತ್ತು, ಈ ಬಾರಿ ಹಿಡಿಕೆ ನಮ್ಮ ಕೈಯಲ್ಲಿತ್ತು. ಏಜೆನ್ಸಿಯವನಿಗೆ ಲಾಭದ ನೆಪವಾದರೂ ಇತ್ತು. ನಮಗೇನಿತ್ತು?

ಟ್ರಸ್ಟಿಗೆ ಒಂದು ಪತ್ರ ಬರೆದೆವು. ಉತ್ತರ ಬರಲಿಲ್ಲ. ನೇಮಕಾತಿ ಆಗಿಹೋಗಿತ್ತು, ಬರಬೇಕಾದದ್ದೂ ಇರಲಿಲ್ಲ. ತರಗತಿಯಲ್ಲಿ ಮಾತ್ರ ಆ ನಂತರ ಪ್ರಶ್ನೆಪತ್ರಿಕೆ ತಯಾರಿಸುವಾಗ ಶರತ್ಕಾಲದ ಪ್ರಶ್ನೆಗೆ ಎರಡು ಸರಿಯುತ್ತರಗಳನ್ನು ನಮೂದಿಸತೊಡಗಿದೆವು. ಯಾರೂ ಆಕ್ಷೇಪಿಸಲಿಲ್ಲ. ಆಕ್ಷೇಪಿಸುತ್ತಾರೆಂದು ಎರಡು ವರ್ಷ ಸುಮ್ಮನೆ ಹೆದರಿದ್ದೆವು.

ಸಲಾಲ ಬಿಟ್ಟು ಬಂದ ಮೇಲೆ, 2015ರಲ್ಲಿ, ಮಲೆನಾಡಿನ ಬುಡದ ಹಳ್ಳಿಯೊಂದರ ಸರಕಾರಿ ಶಾಲೆಗೆ ಬೇರೊಂದು ಕೆಲಸಕ್ಕೆ ಹೋಗಿದ್ದೆವು. ಇಂಗ್ಲಿಷ್ ಅಧ್ಯಾಪಕಿಯಾಗಿ ಅಲ್ಲಿದ್ದವಳು ಅದೇ ಹುಡುಗಿ. ಸರಕಾರಿ ಆಯ್ಕೆ ಪರೀಕ್ಷೆಯಲ್ಲಿ ಪಾಸಾಗಿದ್ದಳಂತೆ. ನಮ್ಮನ್ನು ನೋಡಿದೊಡನೆ ಗುರುತು ಹಿಡಿದಳು. ಸಲಾಂ ಹೇಳಿ, ಕುರ್ಚಿ ತರಿಸಿ, ಬಿಸಿಯೂಟದ ಅಡುಗೆಯವರಿಗೆ ಹೇಳಿ ಚಹಾ ಮಾಡಿಸಿದಳು. ಮಕ್ಕಳ ಬಗ್ಗೆ ಮಾತಾಡಿದಳು, ಒಮಾನಿನ ಬಗ್ಗೆ ಕೇಳಿದಳು. ಸಂದರ್ಶನದ ಸುದ್ದಿ ಅವಳೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ. ಹೊರಗೆ ಮಳೆ ಜೋರಾಗಿದ್ದರಿಂದ ಒಂದು ತಾಸು ಅಲ್ಲಿಯೇ ಕೂತಿರಬೇಕಾಯಿತು. ಪಕ್ಕದ ಕೋಣೆಯಲ್ಲಿ ಐದನೇ ತರಗತಿಯ ಮಕ್ಕಳು ಅವಳು ಹೇಳಿಕೊಟ್ಟ ಭೂತಕಾಲವನ್ನು ಗಟ್ಟಿಯಾಗಿ ಓದುತ್ತಿದ್ದರು.