ನೆನಪಿನ ನೆಲೆ ಹುಡುಕುವ ತರ್ಕ

ಒಂದು ಇದ್ದಾಗ ಇನ್ನೊಂದು ಇರುತ್ತದೆ. ಅದು ಇಲ್ಲದಾಗ ಇದೂ ಇರುವುದಿಲ್ಲ. ಕಾರಣ ಯಾವುದು ಎಂದು ನಾವು ನಿರ್ಧರಿಸುವುದು ಹೀಗೆ. ಮೊದಲನೆಯದನ್ನು ನಮ್ಮ ತರ್ಕಶಾಸ್ತ್ರ ಅನ್ವಯ ಎನ್ನುತ್ತದೆ, ಎರಡನೆಯದನ್ನು ವ್ಯತಿರೇಕ. ಪ್ರಾಣಿಯ ಮೆದುಳಿನ ಒಂದು ಭಾಗವನ್ನು ಹಾಳುಮಾಡಿ, ಅದು ಕಲಿತದ್ದರಲ್ಲಿ ಏನು ಅಳಿಯಿತು ಎಂದು ನೋಡುವ ಪ್ರಯೋಗ ವ್ಯತಿರೇಕದ ಪ್ರಯೋಗ.

ಆದರೆ ವ್ಯತಿರೇಕ ಹೇಳುವುದು ಅರ್ಧ ಮಾತ್ರ. ಕುಂಬಾರನ ಚಕ್ರ ಮುರಿದರೂ ಮಡಕೆ ಆಗದು, ಮಣ್ಣಿಲ್ಲದಿದ್ದರೂ ಆಗದು. ಮಡಕೆಗೆ ಆಶ್ರಯವಾಗಿರುವುದು ಮಾತ್ರ ಮಣ್ಣು. ನ್ಯಾಯದರ್ಶನದ ಪಂಡಿತರಾದ ನೈಯಾಯಿಕರು ಮಣ್ಣನ್ನು ಸಮವಾಯಿ ಕಾರಣ, ಚಕ್ರವನ್ನು ನಿಮಿತ್ತ ಕಾರಣ ಎಂದು ಬೇರೆ ಮಾಡಿದ್ದು ಇದಕ್ಕೇ. ಮೆದುಳಿನ ಒಂದು ಭಾಗ ಹೋದಾಗ ನೆನಪೂ ಹೋದರೆ, ಆ ಭಾಗ ಮಣ್ಣೋ ಚಕ್ರವೋ?

ಅಮೆರಿಕದ ಕಾರ್ಲ್ ಲ್ಯಾಶ್ಲಿ ಇಲಿಗಳಿಗೆ ಸುತ್ತುಬಳಸಿನ ಹಾದಿ ಕಲಿಸಿ, ಮೆದುಳಿನ ಹೊರಪದರದ ಬೇರೆ ಬೇರೆ ಭಾಗಗಳನ್ನು ಹಾಳುಮಾಡಿ ನೋಡಿದರು. ಎಲ್ಲಿ ಕತ್ತರಿಸಿದೆವು ಎನ್ನುವುದಕ್ಕಿಂತ ಎಷ್ಟು ಕತ್ತರಿಸಿದೆವು ಎನ್ನುವುದೇ ಮುಖ್ಯ ಎಂದು 1929ರಲ್ಲಿ ಬರೆದರು. ನೆನಪಿನ ಗುರುತು ಯಾವುದೇ ಒಂದು ಜಾಗದಲ್ಲಿ ಅವರಿಗೆ ಸಿಗಲಿಲ್ಲ. ಸಿಗದಿದ್ದುದಕ್ಕೆ ಒಂದು ಕಾರಣ ಅವರು ಆರಿಸಿಕೊಂಡ ಕಲಿಕೆಯಲ್ಲೇ ಇತ್ತು. ಇಲಿ ಹಾದಿ ಹಿಡಿಯುವುದು ಕಣ್ಣು, ಮೂಗು, ಮೀಸೆ, ಕಾಲಿನ ಸ್ನಾಯು ಎಲ್ಲವನ್ನೂ ನೆಚ್ಚಿ. ಒಂದು ಹೋದರೆ ಇನ್ನೊಂದು ಕೈಹಿಡಿಯುತ್ತದೆ. ಕಾರಣಗಳು ಹಲವಿದ್ದಲ್ಲಿ ವ್ಯತಿರೇಕ ಸೋಲುತ್ತದೆ.

1982ರಲ್ಲಿ ರಿಚರ್ಡ್ ಮಾರಿಸ್ ಮತ್ತು ಸಂಗಡಿಗರು ಪ್ರಶ್ನೆಯನ್ನು ಕಿರಿದುಗೊಳಿಸಿದರು. ದೊಡ್ಡ ತೊಟ್ಟಿ, ಹಾಲು ಬೆರೆಸಿ ಮಬ್ಬಾಗಿಸಿದ ನೀರು, ನೀರಿನಡಿ ಕಾಣದಂತೆ ಒಂದು ಪುಟ್ಟ ಕಟ್ಟೆ. ಆರೋಗ್ಯವಂತ ಇಲಿ ಕೆಲವೇ ಸಲಕ್ಕೆ ನೇರ ಅಲ್ಲಿಗೇ ಈಜುತ್ತದೆ. ಮೆದುಳಿನ ಹಿಪೊಕ್ಯಾಂಪಸ್ ಎಂಬ ಭಾಗ ಹಾಳಾದ ಇಲಿ ಸುತ್ತಿ ಸುತ್ತಿ ಹುಡುಕುತ್ತದೆ. ಕಟ್ಟೆಯನ್ನು ನೀರಿನ ಮೇಲೆ ಕಾಣುವಂತೆ ಇಟ್ಟರೆ ಅದೂ ನೇರ ಹೋಗಿ ಹತ್ತುತ್ತದೆ. ಕಣ್ಣು, ಕಾಲು, ದಡ ಸೇರುವ ಆಸೆ ಎಲ್ಲ ಸರಿಯಿವೆ. ಜಾಗದ ನೆನಪೊಂದೇ ಇಲ್ಲ.

ಮಣ್ಣು-ಚಕ್ರದ ಪ್ರಶ್ನೆ ಇಲ್ಲೂ ಉಳಿಯಿತು. ಅದಕ್ಕೆ ಉತ್ತರಿಸಿದ ಪ್ರಯೋಗಗಳಲ್ಲಿ ನನಗೆ ಬಹಳ ಮೆಚ್ಚುಗೆಯಾದದ್ದು ರಿಚರ್ಡ್ ಥಾಂಪ್ಸನ್ ಅವರ ಪ್ರಯೋಗಾಲಯದ್ದು. ಒಂದು ಸದ್ದು, ಹಿಂದೆಯೇ ಕಣ್ಣಿಗೆ ಗಾಳಿ: ಮೊಲ ಸದ್ದಿಗೇ ರೆಪ್ಪೆ ಮುಚ್ಚಲು ಕಲಿಯುತ್ತದೆ. ಕಿರುಮೆದುಳಿನೊಳಗಿನ ಒಂದು ಪುಟ್ಟ ಭಾಗ ಹಾಳಾದರೆ ಈ ಕಲಿಕೆ ಅಳಿಯುತ್ತದೆ, ಗಾಳಿ ಬಿದ್ದಾಗ ಮಿಟುಕುವುದು ಹಾಗೇ ಇರುತ್ತದೆ. 1993ರಲ್ಲಿ ಅವರು ಹಾಳುಮಾಡುವುದನ್ನು ಬಿಟ್ಟು, ಔಷಧದಿಂದ ಸ್ವಲ್ಪ ಹೊತ್ತು ಮಾತ್ರ ಜಡಗೊಳಿಸಿ ಕಲಿಸಿದರು. ಕಿರುಮೆದುಳಿನ ಆ ಭಾಗ ಜಡವಾಗಿದ್ದಾಗ ಕಲಿಸಿದ್ದು ಮೊಲಕ್ಕೆ ಹತ್ತಲೇ ಇಲ್ಲ. ಔಷಧ ಇಳಿದ ಮೇಲೆ ಮೊದಲಿನಿಂದ ಕಲಿಯಬೇಕಾಯಿತು. ಅಲ್ಲಿಂದ ರೆಪ್ಪೆಯತ್ತ ಆಜ್ಞೆ ಸಾಗುವ ದಾರಿಯಲ್ಲಿರುವ ರೆಡ್ ನ್ಯೂಕ್ಲಿಯಸ್ ಅನ್ನು ಜಡಗೊಳಿಸಿದಾಗಲೂ ರೆಪ್ಪೆ ಮುಚ್ಚಲಿಲ್ಲ, ಆದರೆ ಔಷಧ ಇಳಿದ ಕೂಡಲೇ ಕಲಿತದ್ದು ಪೂರ್ತಿ ಹೊರಬಂತು. ಮೊದಲನೆಯದು ಮಣ್ಣು, ಎರಡನೆಯದು ಚಕ್ರ. ಈ ಜೀವಗಳು ತಮ್ಮ ಮೆದುಳನ್ನೇ ತೆತ್ತು ಕೊಟ್ಟ ಸಾಕ್ಷ್ಯವಿದು. ಅದರಿಂದ ಅವಸರದ ತೀರ್ಮಾನ ತೆಗೆಯುವುದು ಅನ್ಯಾಯ.

ಅನ್ವಯದ ಕಡೆಯ ಪುರಾವೆಯೂ ಬಂತು. 2012ರಲ್ಲಿ ಸುಸುಮು ತೊನೆಗಾವಾ ಅವರ ತಂಡ, ಚಿಕ್ಕಿಲಿ ಭಯ ಕಲಿಯುವಾಗ ಚುರುಕಾಗಿದ್ದ ಹಿಪೊಕ್ಯಾಂಪಸ್ ಕೋಶಗಳನ್ನು ಗುರುತಿಟ್ಟು, ಬೇರೊಂದು ಪೆಟ್ಟಿಗೆಯಲ್ಲಿ ಬೆಳಕಿನಿಂದ ಕೆರಳಿಸಿತು. ಭಯಪಡಲು ಏನೂ ಇರದ ಜಾಗದಲ್ಲಿ ಅದು ಸ್ತಬ್ಧವಾಯಿತು. ಅನುಭವಕ್ಕೂ ಸ್ಮರಣೆಗೂ ನಡುವೆ ಉಳಿಯುವುದನ್ನು ನ್ಯಾಯದರ್ಶನ ಸಂಸ್ಕಾರ ಎನ್ನುತ್ತದೆ. ಸ್ಮೃತಿ ಅದರಿಂದ ಹುಟ್ಟುವ ಜ್ಞಾನ. ಈ ಪ್ರಯೋಗಗಳು ಮುಟ್ಟಿರುವುದು ಸಂಸ್ಕಾರವನ್ನು. ನೈಯಾಯಿಕರು ಅದಕ್ಕೆ ಆತ್ಮವೇ ಆಶ್ರಯ ಎಂದರು, ವಿಜ್ಞಾನಿಗಳು ಕೋಶಗಳನ್ನು ತೋರಿಸುತ್ತಾರೆ. ಸ್ತಬ್ಧವಾದ ಇಲಿಗೆ ಹಳೆಯ ಪೆಟ್ಟಿಗೆ ನೆನಪಾಯಿತೇ, ಬರಿಯ ಭಯವಾಯಿತೇ ಎಂಬುದನ್ನು ಅದರ ಮೈ ಹೇಳುವುದಿಲ್ಲ.