ಅನರ್ಥದಂಡ ವ್ರತ ಮತ್ತು ಆರದ ಧ್ವನಿವರ್ಧಕ

ಧ್ವನಿವರ್ಧಕವು ಇಂದು ಬಸದಿಗಳಲ್ಲಿ ಗಂಟೆ ಜಾಗಟೆಗಳಷ್ಟೇ ಸಹಜವಾದ ಉಪಕರಣವಾಗಿದೆ. ಪ್ರಾತಃಕಾಲದ ಅಭಿಷೇಕ, ಅಷ್ಟವಿಧಾರ್ಚನೆ, ಸಾಯಂಕಾಲದ ಆರತಿ, ಪರ್ವದಿನಗಳ ಪ್ರವಚನ ಇವೆಲ್ಲ ಅದರ ಮೂಲಕವೇ ಶ್ರಾವಕರ ಕಿವಿಗೆ ತಲುಪುತ್ತವೆ. ಕಾರ್ಯ ಮುಗಿದ ಮೇಲೆ ಮೈಕಿನ ಗುಂಡಿಯನ್ನು ಮಾತ್ರ ಆರಿಸಿ, ಆಂಪ್ಲಿಫೈಯರನ್ನು ಹಾಗೆಯೇ ಬಿಡುವ ರೂಢಿ ಹಲವೆಡೆ ಕಾಣುತ್ತದೆ. ಅದರ ಪುಟ್ಟ ಕೆಂಪು ದೀಪ ಹಗಲಿರುಳೂ ಉರಿಯುತ್ತಿರುತ್ತದೆ. ಯಾರೂ ಏನನ್ನೂ ಮಾಡಲಿಲ್ಲ, ಇದ್ದುದನ್ನು ಇದ್ದಂತೆ ಬಿಟ್ಟರು, ಅಷ್ಟೆ. ಹೀಗೆ ಬಿಡುವುದರಲ್ಲಿ ದೋಷವುಂಟೆ? ಪ್ರಶ್ನೆ ಚಿಕ್ಕದು. ಆದರೆ ಹಿಂಸೆಯ ಲಕ್ಷಣವೇನೆಂಬ ದೊಡ್ಡ ಪ್ರಶ್ನೆ ಇದರೊಳಗೆ ಅಡಗಿದೆ.

ಹಚ್ಚಿಯೇ ಇಡಬೇಕೆನ್ನುವವರ ವಾದವನ್ನು ಮೊದಲು ಕೇಳಬೇಕು. ಯಂತ್ರವನ್ನು ಹಚ್ಚಿದ ಕ್ಷಣದಲ್ಲಿ ವಿದ್ಯುತ್ತು ಒಮ್ಮೆಲೇ ನುಗ್ಗಿ ಬಿಡಿಭಾಗಗಳಿಗೆ ಪೆಟ್ಟಾಗುತ್ತದೆ. ಬಿಸಿಯಾಗಿ ತಣ್ಣಗಾಗುವ ಏರಿಳಿತದಿಂದ ಬೆಸುಗೆಗಳು ದುರ್ಬಲವಾಗುತ್ತವೆ. ಬೆಚ್ಚಗಿರುವ ಯಂತ್ರದ ನಾದವೇ ಹೆಚ್ಚು ಇಂಪು ಎಂದು ಅವರು ಹೇಳುತ್ತಾರೆ. ಇದರಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಒಳಗಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳು ಶಾಖಕ್ಕೆ ಒಣಗುತ್ತವೆ. ಉಷ್ಣತೆ ೧೦ ಡಿಗ್ರಿ ಸೆಲ್ಸಿಯಸ್ ಏರಿದರೆ ಅವುಗಳ ಆಯುಷ್ಯ ಸರಿಸುಮಾರು ಅರ್ಧಕ್ಕಿಳಿಯುವುದೆಂಬುದು ತಂತ್ರಜ್ಞರ ಸಾಮಾನ್ಯ ಲೆಕ್ಕ. ಹಳೆಯ ವಾಲ್ವ್ ಯಂತ್ರವಾದರೆ ಅದರ ತಂತು ಉರಿದಷ್ಟು ಹೊತ್ತೂ ಸವೆಯುತ್ತದೆ. ನಾದ ಹದಗೊಳ್ಳಲು ಅರ್ಧ ಗಂಟೆ ಮುಂಚಿತವಾಗಿ ಹಚ್ಚಿದರೆ ಸಾಕು, ಇಡೀ ರಾತ್ರಿ ಬೇಕಿಲ್ಲ.

ಇನ್ನು ಜಮಾಖರ್ಚನ್ನು ನೋಡಬಹುದು. ‘ಎ’ ವರ್ಗದ ಆಂಪ್ಲಿಫೈಯರು ಶಬ್ದವಿರಲಿ, ಇಲ್ಲದಿರಲಿ, ಹೆಚ್ಚುಕಡಿಮೆ ಒಂದೇ ಪ್ರಮಾಣದ ವಿದ್ಯುತ್ತನ್ನು ಎಳೆಯುತ್ತದೆ. ‘ಎಬಿ’ ವರ್ಗದ್ದು ಮೌನದಲ್ಲಿ ಕಡಿಮೆ, ‘ಡಿ’ ವರ್ಗದ್ದು ಇನ್ನೂ ಕಡಿಮೆ, ಯಾವುದೂ ಸೊನ್ನೆಯಲ್ಲ. ಸುಮ್ಮನಿರುವಾಗ ೩೦ ವ್ಯಾಟ್ ಎಳೆಯುವ ಯಂತ್ರವೊಂದು ದಿನಕ್ಕೆ ೨ ಗಂಟೆ ಮಾತ್ರ ಉಪಯೋಗವಾಗಿ ಉಳಿದ ೨೨ ಗಂಟೆ ವ್ಯರ್ಥವಾಗಿ ಉರಿದರೆ, ವರ್ಷಕ್ಕೆ ಸುಮಾರು ೨೪೦ ಯೂನಿಟ್ ಪೋಲಾಗುತ್ತದೆ. ಅಲ್ಲದೆ ೨೦೦೦ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ೧೦ರಿಂದ ಬೆಳಿಗ್ಗೆ ೬ರವರೆಗೆ ಸಾಮಾನ್ಯವಾಗಿ ಹೊರಾಂಗಣದಲ್ಲಿ ಧ್ವನಿವರ್ಧಕವನ್ನು ಬಳಸುವಂತೆಯೇ ಇಲ್ಲ. ಬಳಸಬಾರದ ಹೊತ್ತಿನಲ್ಲಿ ಅದು ಸಿದ್ಧವಾಗಿದ್ದು ಪ್ರಯೋಜನವೇನು? ಆ ಹಣವೂ ಯಾರದೋ ಭಕ್ತಿಯ ಕಾಣಿಕೆ.

ಹಣದ ಲೆಕ್ಕಕ್ಕಿಂತ ಜೀವದ ಲೆಕ್ಕ ದೊಡ್ಡದು. ವಿದ್ಯುತ್ತು ಸಚಿತ್ತ ತೇಜಸ್ಕಾಯವೋ ಅಥವಾ ಅಚಿತ್ತ ಪುದ್ಗಲವೋ ಎಂಬಲ್ಲಿ ವಿದ್ವಾಂಸರಲ್ಲಿ ಮತಭೇದವಿದೆ. ಕೆಲವು ಸಂಘಗಳ ಮುನಿಗಳು ಮೈಕನ್ನು ಬಳಸುವುದಿಲ್ಲ, ಮತ್ತೆ ಕೆಲವರು ಬಳಸುತ್ತಾರೆ. ಆದರೆ ಪ್ರಸ್ತುತ ವಿಚಾರಕ್ಕೆ ಆ ವಿವಾದ ತೀರಬೇಕಾಗಿಲ್ಲ. ತಂತಿಯೊಳಗೆ ಹರಿಯುವುದು ಅಚಿತ್ತವೆಂದೇ ಒಪ್ಪಿದರೂ, ಕರ್ನಾಟಕದ ವಿದ್ಯುತ್ತಿನ ಒಂದು ಪಾಲು ರಾಯಚೂರಿನ ಶಕ್ತಿನಗರದಲ್ಲಿ ಕಲ್ಲಿದ್ದಲು ಉರಿದು ಬರುತ್ತದೆ; ಇನ್ನೊಂದು ಪಾಲು ಶರಾವತಿಯ ನೀರನ್ನು ತಡೆದು ಧುಮುಕಿಸಿದಾಗ ಬರುತ್ತದೆ. ಅಲ್ಲಿ ಅಗೆದದ್ದು ಭೂಮಿ, ಹೊತ್ತಿಸಿದ್ದು ಅಗ್ನಿ, ಹರಿಸಿದ್ದು ನೀರು, ಕಲುಷಿತವಾದದ್ದು ವಾಯು. ಬಸದಿಯ ಗೋಡೆಯ ಸ್ವಿಚ್ಚಿಗೂ ಈ ಏಕೇಂದ್ರಿಯ ಜೀವಗಳಿಗೂ ದೂರವಿದೆ, ಸಂಬಂಧವಿಲ್ಲದಿಲ್ಲ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು ಐದು ವಿಧವಾಗಿ ವಿಂಗಡಿಸಿದ್ದಾರೆ. ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿಗಳ ಜೊತೆಗೆ ಐದನೆಯದು ಪ್ರಮಾದಚರ್ಯೆ. ಅಂದರೆ ನಿಷ್ಪ್ರಯೋಜನವಾಗಿ ಭೂಮಿ, ಜಲ, ಅಗ್ನಿ, ವಾಯುಗಳನ್ನು ತೊಡಗಿಸುವುದು, ಸಸ್ಯಗಳನ್ನು ಕತ್ತರಿಸುವುದು, ಸುಮ್ಮನೆ ಅಲೆಯುವುದು, ಅಲೆಸುವುದು. ಇಲ್ಲಿ ಮುಖ್ಯವಾದುದು ‘ನಿಷ್ಪ್ರಯೋಜನ’ ಎಂಬ ಭಾವ. ಗೃಹಸ್ಥನು ಸಂಕಲ್ಪೀ ಹಿಂಸೆಯನ್ನು ಬಿಡಬೇಕು. ಬಾಳಿನ ಅವಶ್ಯಕತೆಗಾಗಿ ನಡೆಯುವ ಆರಂಭೀ ಹಿಂಸೆಯನ್ನು ಪೂರ್ತಿ ಬಿಡಲಾರ, ಕಡಿಮೆ ಮಾಡಬಲ್ಲ. ಪ್ರವಚನಕ್ಕಾಗಿ ಧ್ವನಿವರ್ಧಕ ಬಳಸುವುದನ್ನು ಈ ಅವಶ್ಯಕತೆಯ ಪಟ್ಟಿಯಲ್ಲಿ ಬರೆಯಬಹುದು. ಕೇಳುವವರಿಲ್ಲದ ಬಸದಿಯಲ್ಲಿ ಅದು ಉರಿಯುವುದನ್ನು ಯಾವ ಪಟ್ಟಿಯಲ್ಲಿ ಬರೆಯಬೇಕು?

‘ಯಾರೂ ಏನೂ ಮಾಡಲಿಲ್ಲವಲ್ಲ’ ಎಂಬ ಆಕ್ಷೇಪಕ್ಕೂ ಆಗಮದಲ್ಲಿ ಉತ್ತರವಿದೆ. ಜೀವವು ಸಾಯಲಿ, ಬದುಕಲಿ, ಯತ್ನಾಚಾರವಿಲ್ಲದವನಿಗೆ ಹಿಂಸೆ ನಿಶ್ಚಿತವೆಂದೂ, ಸಮಿತಿಯಿಂದ ನಡೆಯುವವನಿಗೆ ಕೇವಲ ಬಾಹ್ಯ ಹಿಂಸೆಯಿಂದ ಬಂಧವಿಲ್ಲವೆಂದೂ ಕುಂದಕುಂದಾಚಾರ್ಯರು ಪ್ರವಚನಸಾರದಲ್ಲಿ ತಿಳಿಸಿದ್ದಾರೆ. ಎಂದಮೇಲೆ ದೋಷವಿರುವುದು ಕೈಯ ಚಲನೆಯಲ್ಲಿ ಮಾತ್ರವಲ್ಲ, ಮನಸ್ಸಿನ ಅಜಾಗರೂಕತೆಯಲ್ಲಿಯೂ ಇದೆ. ಆರಿಸದಿರುವುದೂ ಒಂದು ಚರ್ಯೆಯೇ.

ಒಂದು ಅಡಚಣೆಯನ್ನು ಮರೆಮಾಚಬಾರದು. ಮೂಡುಬಿದಿರೆ, ಕಾರ್ಕಳಗಳ ಮಳೆಗಾಲದಲ್ಲಿ ತಣ್ಣಗಿರುವ ಯಂತ್ರಕ್ಕೆ ತೇವ ಹಿಡಿಯುತ್ತದೆ, ಬೂಷ್ಟು ಬರುತ್ತದೆ. ಆದರೆ ಬೆಚ್ಚಗಿರುವ ಪೆಟ್ಟಿಗೆಯೂ ಇರುವೆ, ಹಲ್ಲಿಗಳಿಗೆ ಆಶ್ರಯವಾಗಿ, ಒಳಹೊಕ್ಕ ತ್ರಸಜೀವಗಳಿಗೆ ಮೃತ್ಯುವಾಗಬಹುದು. ನಿತ್ಯ ಪೂಜೆಯ ಬಳಕೆಯೇ ತೇವವನ್ನು ಬಹುಮಟ್ಟಿಗೆ ಹೋಗಲಾಡಿಸುತ್ತದೆ. ಉಪಯೋಗವಿಲ್ಲದ ವಾರಗಳಲ್ಲಿ ಒಬ್ಬರು ಎದುರಿಗಿದ್ದು ಅರ್ಧ ಗಂಟೆ ಹಚ್ಚಿದರಾಯಿತು. ಅದು ಪ್ರಯೋಜನಕ್ಕಾಗಿ ಮಾಡಿದ ಕ್ರಿಯೆ, ಮರೆವಲ್ಲ.

ಹೊಣೆ ಯಾರದು? ಪುರೋಹಿತರದೆಂದು ಆಡಳಿತ ಮಂಡಳಿಯೂ, ಮಂಡಳಿಯದೆಂದು ಶ್ರಾವಕರೂ ಸುಮ್ಮನಿರುವುದುಂಟು. ಕೃತ, ಕಾರಿತ, ಅನುಮೋದನೆ ಎಂಬ ಮೂರು ಬಾಗಿಲುಗಳನ್ನು ಬಲ್ಲ ಜೈನನಿಗೆ ಈ ನೆಪ ಸಲ್ಲದು. ಬಿಟ್ಟವರು, ಬಿಡಲು ಆಸ್ಪದ ಕೊಟ್ಟವರು, ಕಂಡೂ ಒಪ್ಪಿಕೊಂಡವರು ಮೂವರೂ ಪಾಲುದಾರರು.

ಮಾಡಬೇಕಾದುದು ಕಷ್ಟದ್ದಲ್ಲ. ಹಚ್ಚುವ ಮುನ್ನ ಯಂತ್ರವನ್ನು ಕಣ್ಣಾರೆ ನೋಡಿ, ಮೃದುವಾದ ಬಟ್ಟೆಯಿಂದ ಒರಸಬೇಕು. ಮೊದಲು ಮಿಕ್ಸರು, ಅನಂತರ ಆಂಪ್ಲಿಫೈಯರು. ಆರಿಸುವಾಗ ಧ್ವನಿಯನ್ನು ತಗ್ಗಿಸಿ, ಮೊದಲು ಆಂಪ್ಲಿಫೈಯರು. ಕೊನೆಗೆ ಗೋಡೆಯ ಸ್ವಿಚ್ಚು. ತಣ್ಣಗಾದ ಮೇಲೆ ಹೊದಿಕೆ. ಈ ಕೆಲಸಕ್ಕೆ ಮಂಡಳಿಯು ಒಬ್ಬರನ್ನು ಹೆಸರಿಸಿ ನೇಮಿಸಬೇಕು. ಅವರಿಲ್ಲದ ದಿನ ಬಾಗಿಲು ಹಾಕುವವರು ಅದನ್ನು ನೋಡಿಕೊಳ್ಳಬೇಕು. ಬಸದಿಯ ಬೀಗವನ್ನು ಯಾರೂ ಮರೆಯುವುದಿಲ್ಲ, ಏಕೆಂದರೆ ಒಳಗಿನ ಸೊತ್ತಿನ ಬೆಲೆ ಎಲ್ಲರಿಗೂ ಗೊತ್ತು. ಕಾಣದ ಜೀವಗಳಿಗೂ ಅಷ್ಟೇ ಬೆಲೆಯುಂಟೆಂದು ನಂಬಿದವರಿಗೆ ಸ್ವಿಚ್ಚೂ ಮರೆಯಲಾರದು.