ನಾವು ಕೂಡಿಬರುವದು ಯಾತಕ್ಕೆ?

ಹಳ್ಳಿಯಿಂದ ಹಳ್ಳಿಗೆ ತಿರುಗುವ ಉಪದೇಶಿಗೆ ಒಂದು ಮಾತು ಪದೇಪದೇ ಕೇಳಿಬರುತ್ತದೆ. “ದೇವರು ಎಲ್ಲಾ ಕಡೆಯಲ್ಲಿಯೂ ಇದ್ದಾನೆಂದು ನೀವೇ ಕಲಿಸಿದಿರಿ. ಹಾಗಿದ್ದ ಮೇಲೆ ನಾನು ಹೊಲದ ಬದುವಿನ ಮೇಲೆ ಕೂತು ಮಾಡುವ ಪ್ರಾರ್ಥನೆಯನ್ನು ಆತನು ಕೇಳುವದಿಲ್ಲವೋ? ಆದಿತ್ಯವಾರ ದೇವಾಲಯಕ್ಕೆ ಬರಲೇಬೇಕೋ?” ಹೀಗೆ ಕೇಳುವವರಲ್ಲಿ ಸೋಮಾರಿಗಳೂ ಉಂಟು, ಯಥಾರ್ಥ ಮನಸ್ಸುಳ್ಳವರೂ ಉಂಟು. ಆದಕಾರಣ ಈ ಪ್ರಶ್ನೆಯನ್ನು ಹಗುರವೆಂದು ತಳ್ಳಿಬಿಡಬಾರದು.

ಬದುವಿನ ಮೇಲಿನ ಪ್ರಾರ್ಥನೆಯನ್ನು ದೇವರು ನಿಸ್ಸಂದೇಹವಾಗಿ ಕೇಳುತ್ತಾನೆ. ಕೋಣೆಯ ಬಾಗಿಲು ಮುಚ್ಚಿಕೊಂಡು ಪ್ರಾರ್ಥಿಸಬೇಕೆಂದು ಕರ್ತನೇ ಕಲಿಸಿದನಷ್ಟೆ. ಆದರೆ ಅದೇ ಕರ್ತನು ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯಲ್ಲಿ ‘ನನ್ನ’ ಎಂಬ ಶಬ್ದವೇ ಇಲ್ಲ. ಎಲ್ಲಿ ನೋಡಿದರೂ ‘ನಮ್ಮ’, ‘ನಮಗೆ’ ಎಂದಿದೆ. ಒಂಟಿಯಾಗಿ ಕೂತು ಅದನ್ನು ಹೇಳುವವನು ಸಹ ನೆರೆಯವನ ರೊಟ್ಟಿಗಾಗಿಯೂ ಬೇಡಿದಂತಾಯಿತು. ನೆರೆಯವನ ಮುಖವನ್ನೇ ನೋಡದವನಿಗೆ ಅವನ ಹಸಿವು ತಿಳಿಯುವದು ಹೇಗೆ? 2020ನೆಯ ಇಸವಿಯ ಮಾರ್ಚ್ ತಿಂಗಳಿನಲ್ಲಿ ಸಾಂಕ್ರಾಮಿಕ ರೋಗದ ನಿಮಿತ್ತ ದೇವಾಲಯಗಳ ಬಾಗಿಲುಗಳು ಮುಚ್ಚಿದಾಗ ನಾವು ಫೋನಿನಲ್ಲಿ ಪ್ರಸಂಗಗಳನ್ನು ಕೇಳಿದೆವು. ವಾಕ್ಯವು ಕೇಳಿಸಿತು, ಹಾಡುಗಳೂ ಕೇಳಿಸಿದವು. ಪಕ್ಕದ ಚಾಪೆಯ ಮೇಲೆ ಯಾರು ಇಲ್ಲವೆಂಬದನ್ನು ಮಾತ್ರ ಫೋನು ತಿಳಿಸಲಿಲ್ಲ.

“ನಮಗೆ ಬಿಡುವಿಲ್ಲ” ಎನ್ನುವವರೂ ಇದ್ದಾರೆ. ಪೂರ್ವಕಾಲದ ಕ್ರೈಸ್ತರಿಗೆ ಬಿಡುವು ಇತ್ತೆಂದು ನೆನಸಬೇಡಿರಿ. ಕಾನ್‌ಸ್ಟಂಟೈನ್ ಚಕ್ರವರ್ತಿಯು ಆದಿತ್ಯವಾರವನ್ನು ವಿಶ್ರಾಂತಿಯ ದಿನವಾಗಿ ನೇಮಿಸಿದ್ದು ಕ್ರಿ. ಶ. 321ರಲ್ಲಿ, ಆ ಶಾಸನವು ಸಹ ಬೇಸಾಯಗಾರರಿಗೆ ಹೊಲಗೆಲಸ ಮಾಡುವ ಅಪ್ಪಣೆಯನ್ನು ಕೊಟ್ಟಿತ್ತು. ಅದಕ್ಕೆ ಸುಮಾರು 200 ವರುಷಗಳ ಮೊದಲು ಬಿಥೂನ್ಯ ಸೀಮೆಯ ಅಧಿಪತಿಯಾಗಿದ್ದ ಪ್ಲಿನಿ ಎಂಬವನು ಟ್ರಾಜನ ಚಕ್ರವರ್ತಿಗೆ ಒಂದು ಕಾಗದವನ್ನು ಬರೆದನು. ಕ್ರೈಸ್ತರು ಗೊತ್ತಾದ ದಿನದಲ್ಲಿ ಬೆಳಕು ಹರಿಯುವದಕ್ಕಿಂತ ಮುಂಚೆ ಕೂಡಿಬಂದು, ಕ್ರಿಸ್ತನನ್ನು ದೇವರೆಂದು ಹಾಡಿ, ಕಳವನ್ನೂ ವ್ಯಭಿಚಾರವನ್ನೂ ಮಾಡುವದಿಲ್ಲವೆಂದು ಮಾತುಕೊಡುತ್ತಿದ್ದರೆಂದು ಅದರಲ್ಲಿ ಕಾಣುತ್ತದೆ. ಇನ್ನೂ ಹೆಚ್ಚು ಸಂಗತಿಯನ್ನು ಹೊರಡಿಸಬೇಕೆಂದು ಅವನು ಸಭೆಯ ಸೇವಕಿಯರಾಗಿದ್ದ ಇಬ್ಬರು ದಾಸಿಯರನ್ನು ಹಿಂಸೆಪಡಿಸಿದನು. ಹಗಲೆಲ್ಲಾ ಯಜಮಾನರ ಮನೆಯಲ್ಲಿ ದುಡಿಯುವಂಥವರಿಗೆ ಆ ಕತ್ತಲೆಯ ಗಳಿಗೆಯೊಂದೇ ಸ್ವಂತವಾಗಿದ್ದಿರಬೇಕು.

ಆದರೂ ಈ ಸಂಗತಿಯನ್ನು ಬಡವರನ್ನು ಹೊಡೆಯುವ ಕೋಲಾಗಿ ಹಿಡಿಯಬಾರದು. ನಾನು ಹಾಗೆ ಹಿಡಿದದ್ದುಂಟು. ನಮ್ಮ ಆರಾಧನೆಯು ಬೆಳಿಗ್ಗೆ ಹತ್ತು ಗಂಟೆಗೆ ನಡೆಯುತ್ತಿದ್ದ ಕಾಲವದು. ಒಬ್ಬ ವಿಧವೆಯು ಮೂರು ಆದಿತ್ಯವಾರ ಬರಲಿಲ್ಲ. ನಾಲ್ಕನೆಯ ವಾರ ಮಳೆ ಹಿಡಿದಿತ್ತು, ಆಕೆ ಬಂದಳು. ಇಬ್ರಿಯರಿಗೆ ಬರೆದ ಪತ್ರಿಕೆಯ ಹತ್ತನೆಯ ಅಧ್ಯಾಯವನ್ನು ತೆರೆದು, ಕೂಡಿಬರುವದನ್ನು ಬಿಟ್ಟವರ ವಿಷಯವಾಗಿ, ಹೆಸರೆತ್ತದಿದ್ದರೂ ಎಲ್ಲರಿಗೂ ಗುರುತು ಹತ್ತುವ ಹಾಗೆ ಗದರಿಸಿದೆನು. ಆಕೆ ಸೆರಗನ್ನು ಮುಂದಕ್ಕೆ ಎಳಕೊಂಡು ಸುಮ್ಮನೆ ಕೂತಿದ್ದಳು.

ಸಾಯಂಕಾಲ ಆಕೆಯ ಗುಡಿಸಲಿಗೆ ಹೋದೆನು. ಅದು ಕಳೆ ತೆಗೆಯುವ ಕಾಲ. ಆದಿತ್ಯವಾರ ಬಾರದವರಿಗೆ ವಾರವೆಲ್ಲಾ ಕೂಲಿ ಇಲ್ಲವೆಂದು ಹೊಲದವನು ಹೇಳಿದ್ದನಂತೆ. ನಾನು ಕ್ಷಮೆ ಬೇಡುವದರೊಳಗೆ ಆಕೆಯೇ, “ಅಯ್ಯಾ, ನೀವು ಬೈದದ್ದಕ್ಕೆ ನನಗೆ ನೋವಿಲ್ಲ. ಮೂರು ವಾರ ನಾನು ಬರಲಿಲ್ಲ. ಬದುಕಿದ್ದೀಯಾ ಸತ್ತಿದ್ದೀಯಾ ಅಂತ ಕೇಳೋದಕ್ಕೆ ಒಬ್ಬರೂ ಬರಲಿಲ್ಲವಲ್ಲಾ,” ಅಂದಳು.

ನಾನು ಓದಿದ್ದು ಆ ವಾಕ್ಯದ ಅರ್ಧವನ್ನು ಮಾತ್ರ. ಒಬ್ಬರನ್ನೊಬ್ಬರು ಧೈರ್ಯಪಡಿಸಬೇಕೆಂಬ ಅಪ್ಪಣೆಯು ಅದೇ ವಾಕ್ಯದಲ್ಲಿದೆ. ಕೊರಿಂಥದ ಸಭೆಯವರು ಕೂಡಿಬರುವದನ್ನೇನೂ ಬಿಟ್ಟಿರಲಿಲ್ಲ. ಆದರೆ ಉಳ್ಳವರು ಮುಂದಾಗಿ ಊಟಮಾಡುತ್ತಿದ್ದರು, ಇಲ್ಲದವರು ಹಸಿದಿರುತ್ತಿದ್ದರು. ನೀವು ಕೂಡುವದರಿಂದ ಕೇಡೇ ಆಗುತ್ತದೆಂದು ಪೌಲನು ಅವರಿಗೆ ಬರೆದು, ಒಬ್ಬರಿಗೋಸ್ಕರ ಒಬ್ಬರು ಕಾದುಕೊಂಡಿರಬೇಕೆಂದು ಆಜ್ಞಾಪಿಸಿದನು. ಸೆಮಿನರಿಯಲ್ಲಿ ಆ ಅಧ್ಯಾಯದ ಮೇಲೆ ನಾನು ಒಳ್ಳೇ ಉತ್ತರವನ್ನು ಬರೆದಿದ್ದೆನು. ನಮ್ಮ ಹತ್ತು ಗಂಟೆಯ ಆರಾಧನೆಯು ಯಾರಿಗೆ ಅನುಕೂಲವೆಂದು ಒಂದು ದಿನವಾದರೂ ಕೇಳಿಕೊಂಡಿರಲಿಲ್ಲ.

ಅಂದಿನಿಂದ ಕಳೆಯ ತಿಂಗಳುಗಳಲ್ಲಿಯೂ ಸುಗ್ಗಿಯಲ್ಲಿಯೂ ದೀಪ ಹಚ್ಚಿದ ಮೇಲೆ ಆರಾಧನೆಯನ್ನಿಟ್ಟೆವು. ಕೆಲವು ಹಿರಿಯರಿಗೆ ಇದು ಹಿಡಿಸಲಿಲ್ಲ. ತ್ರೋವದಲ್ಲಿ ಪೌಲನು ನಡುರಾತ್ರಿಯ ವರೆಗೆ ಪ್ರಸಂಗಿಸಿದಾಗ ಒಬ್ಬ ಯೌವನಸ್ಥನು ತೂಕಡಿಸಿ ಮೂರನೆಯ ಅಂತಸ್ತಿನಿಂದ ಬಿದ್ದದ್ದನ್ನು ನನಗೆ ನೆನಪುಮಾಡಿದರು. ನಮ್ಮ ದೇವಾಲಯಕ್ಕೆ ಅಂತಸ್ತೇ ಇಲ್ಲವೆಂದೂ, ನನ್ನ ಪ್ರಸಂಗವನ್ನು ಚಿಕ್ಕದು ಮಾಡುವೆನೆಂದೂ ಹೇಳಿದೆನು. ಎರಡನೆಯ ಮಾತನ್ನು ಎಲ್ಲರೂ ಸಂತೋಷದಿಂದ ಒಪ್ಪಿಕೊಂಡರು.

ಈಗ ತೂಕಡಿಸುವವರು ಉಂಟು. ದಿನವೆಲ್ಲಾ ಬೊಗ್ಗಿ ದುಡಿದ ದೇಹಗಳು, ತೂಕಡಿಸಲಿ. ಆ ತಾಯಿ ಬಾಗಿಲ ಬಳಿಯಲ್ಲಿ ಕೂಡ್ರುತ್ತಾಳೆ. ಅವಳ ಚಾಪೆಯು ಬರಿದಾಗಿ ಕಂಡ ರಾತ್ರಿ, ಕಡೆಯ ಹಾಡು ಮುಗಿಯುವದಕ್ಕೆ ಮುಂಚೆಯೇ ಯಾರಾದರೊಬ್ಬರು ದೀಪ ತಕ್ಕೊಂಡು ಅವಳ ಗುಡಿಸಲಿನ ಕಡೆಗೆ ಹೊರಟಿರುತ್ತಾರೆ.